ಜಪಾನಿನ ಕಾರು, ತಿಕೋಟಾದ ದ್ರಾಕ್ಷಿ ಪಡ

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ ಸುದ್ದಿ ಅಲ್ಲ, ಕಾರಿನ ಸುದ್ದಿ. "ಇದು ಗಂಡಸರ ವಿಷಯ" ಅಂತ ಮುಂದ ಹೋಗಬ್ಯಾಡ್ರಿ. ಕಾರಿನ ಕನಸು ಹುಡುಗರದು ಖರೆ, ಆದ್ರ ಬ್ಯಾಂಕಿನ ಕಾಗದಕ್ಕ ಸಹಿ ಮಾಡಾವ್ರು ಭಾಳ ಮನ್ಯಾಗ ನಾವ ಇರತೀವಿ.

ನಮ್ಮ ಅಕ್ಕನ ಮಗ ಬೆಂಗಳೂರಾಗ ಒಂದು ಗ್ಯಾರೇಜಿನ್ಯಾಗ ಕೆಲಸ ಮಾಡ್ತಾನ. ಮೆಕ್ಯಾನಿಕಲ್ ಓದ್ಯಾನ, ಕೈಯಾಗ ಕಲಾ ಐತಿ, ಒಂದು ಚಟ ಇಲ್ಲ. ಹುಚ್ಚು ಮಾತ್ರ ಒಂದ. ಜಪಾನಿನಿಂದ ನಿಸ್ಸಾನ್ ಸ್ಕೈಲೈನ್ ಅನ್ನೂ ಹಳೆ ಕಾರು ತರಿಸಬೇಕು, ಇಂಜಿನ್ ಬಿಚ್ಚಿ ದೊಡ್ಡ ಟರ್ಬೊ ಕೂಡಿಸಬೇಕು, ರೇಸ್ ಟ್ರ್ಯಾಕಿನ್ಯಾಗ ಓಡಿಸಿ ಹೆಸರು ಮಾಡಿ ತನ್ನ ಸ್ವಂತ ಗ್ಯಾರೇಜ್ ತಗೀಬೇಕು. ಅದಕ್ಕ ತಾಯಿ ಹೆಸರಿನ್ಯಾಗಿರೂ ತಿಕೋಟಾದ ಎರಡ ಎಕರೆ ದ್ರಾಕ್ಷಿ ಪಡ ಒತ್ತಿ ಇಡೂಣು ಅಂದ.

ಆ ಪಡದ ಕತಿ ನಿಮಗ ಗೊತ್ತಿದ್ದದ್ದ. ಭಾವ ತೀರಿಕೊಂಡ ಮ್ಯಾಲ ಅಕ್ಕನ ಸಂಸಾರ ನಡದದ್ದು ಅದರ ಮ್ಯಾಲ. ತುಬಚಿ-ಬಬಲೇಶ್ವರ ಏತ ನೀರಾವರಿ ಬರೂಕಿಂತ ಮೊದಲ ಬ್ಯಾಸಗ್ಯಾಗ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸ್ಯಾಳ. ಹಣ್ಣು ಕೊಯ್ದು, ಔಷಧದ ನೀರಾಗ ಅದ್ದಿ, ಶೆಡ್ಡಿನ ಬಲಿ ಮ್ಯಾಲ ಹರವಿ, ಹದಿನೈದು ದಿನ ಕಾದ್ರ ನಾಕು ಕೆಜಿ ಹಣ್ಣಿಗೆ ಒಂದು ಕೆಜಿ ಮನೂಕ. ನಡುವ ಒಂದು ಅಕಾಲಿಕ ಮಳಿ ಬಂದ್ರ ಅದೂ ಇಲ್ಲ.

ಅಕ್ಕ ಮಗನಿಗೆ ಇಲ್ಲ ಅನಲಿಲ್ಲ. "ಲೆಕ್ಕಾ ಹೇಳು" ಅಂದಳು. ವಿಜಯಪುರದ ನಮ್ಮ ಮನ್ಯಾಗ, ಮನೂಕದ ಲೆಕ್ಕದ ಪುಸ್ತಕದ ಹಿಂದಿನ ಹಾಳ್ಯಾಗ, ಮೂರು ಮಂದಿ ಕುಂತು ಬರದ್ವಿ.

ಹಳೆ ಕಾರು ತರಿಸೂ ಕಾಯಿದೆ ಹಿಂಗೈತ್ರಿ: ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು, ಇಳಿಸೂದು ಮುಂಬೈ ಬಂದರದಾಗ ಮಾತ್ರ. ಜಪಾನಿನ್ಯಾಗೂ ಸ್ಟೇರಿಂಗ್ ಬಲಕ್ಕ, ಆ ತ್ರಾಸಿಲ್ಲ. ಆದ್ರ ಇಂವ ಮೆಚ್ಚಿದ ಆರ್34 ಸ್ಕೈಲೈನ್ ಜಿಟಿ-ಆರ್ ಹುಟ್ಟಿದ್ದು 1999ರಾಗ, ನಿಂತದ್ದು 2002ರಾಗ. ಮೂರು ವರ್ಷದ ಮಾತ ಎಲ್ಲಿಂದ ಬರಬೇಕು? "ಅಮೆರಿಕಾದವರು ತರಸ್ತಾರಲ್ಲ ಚಿಗವ್ವ" ಅಂದ. ಅಲ್ಲಿ 25 ವರ್ಷ ದಾಟಿದ ಕಾರಿಗೆ ಸಡಿಲ ಐತಿ. ಅವರ ವಿಡಿಯೊ ನೋಡಿ ನಮ್ಮ ಹುಡುಗರು ಕನಸು ಕಟ್ಟತಾರ, ಕಾಯಿದೆ ಮಾತ್ರ ನಮ್ಮದ.

ಹಂಗಾರ ಮೂರು ವರ್ಷದೊಳಗಿನ ಬ್ಯಾರೆ ಕಾರು ತರೂಣು ಅಂದ. ಮುಂಬೈಗೆ ಬಂದು ಮುಟ್ಟೂದಕ್ಕ 20 ಲಕ್ಷ ಅಂತ ಹಿಡಿದ್ವಿ. ಹಳೆ ಕಾರಿನ ಸುಂಕ ವರ್ಷಾನುಗಟ್ಟಲೆ 125 ಪರ್ಸೆಂಟ್ ಇದ್ದದ್ದು, ಅದನ್ನ ಹಿಡದ್ರೂ 25 ಲಕ್ಷ. ಎರಡೂ ಕೂಡಿ 45. ಅದರ ಮ್ಯಾಲ ಜಿಎಸ್‌ಟಿ 40 ಪರ್ಸೆಂಟ್, 18 ಲಕ್ಷ. ಒಟ್ಟು 63. ರಸ್ತಾಕ ಇಳಿಸಬೇಕಂದ್ರ ನಮ್ಮ ರಾಜ್ಯದಾಗ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗಿ 18 ಪರ್ಸೆಂಟ್, ಮತ್ತ 11 ಲಕ್ಷದ ಮ್ಯಾಲ. ಇನ್ನೂ ಒಂದು ನಟ್ಟೂ ಬಿಚ್ಚಿಲ್ಲ ನೋಡ್ರಿ! ನಿಸ್ಸಾನ್ ಕಂಪನಿ ತಾನ 2016ರ ಡಿಸೆಂಬರದಾಗ ಜಿಟಿ-ಆರ್ ಇಲ್ಲಿಗೆ ತಂದಾಗ ಬೆಲಿ 1.99 ಕೋಟಿ ಇತ್ತು.

ಬಿಚ್ಚಿದ ಮ್ಯಾಲಿಂದು ಬ್ಯಾರೆ ಫಜೀತಿ. ಕಂಪನಿ ಮಾಡಿದ ಗಾಡಿಯ ಮೂಲ ರೂಪ ಬದಲ ಮಾಡಬಾರದು ಅಂತ 2019ರ ಜನವರ್ಯಾಗ ಸುಪ್ರೀಂ ಕೋರ್ಟ್ ಹೇಳೇತಿ. ಅಂದ್ರ ಟರ್ಬೊ ಕೂಡಿಸಿದ ಕಾರು ಅಥಣಿ ರೋಡಿಗೆ ಬರಂಗಿಲ್ಲ, ಲಾರ್‍ಯಾಗ ಹೇರಿ ಟ್ರ್ಯಾಕಿಗೆ ಒಯ್ಯಬೇಕು. ಕೊಯಮತ್ತೂರಿನ ಕರಿ ಟ್ರ್ಯಾಕ್ 2.1 ಕಿ.ಮೀ., ಚೆನ್ನೈ ಹತ್ರ ಇರುಂಗಾಟ್ಟುಕೊಟ್ಟೈದು 3.7 ಕಿ.ಮೀ. ಆ ಸುತ್ತಿನ ಸಲವಾಗಿ ಎರಡ ಎಕರೆ.

ಹುಡುಗ ಪೆನ್ನು ಇಟ್ಟು ಎದ್ದು ಹೋದ. ಎರಡು ದಿನ ತಾಯಿ ಕೂಡ ಮಾತಾಡಲಿಲ್ಲ. ಅಕ್ಕ ಅತ್ತಳು, ಆದ್ರ ಸಹಿ ಮಾಡಲಿಲ್ಲ. "ಮಗನ ಕನಸಿಗೆ ಒಂದು ಸುಗ್ಗಿ ಕೊಡ್ತೀನಿ, ಭೂಮಿ ಕೊಡಂಗಿಲ್ಲ" ಅಂದಳು.

ಮೂರನೆ ದಿನ ಅವನ ಬಂದು ಹೇಳಿದ. ಕೊಯಮತ್ತೂರಾಗ ಓಡೂ ಎಲ್‌ಜಿಬಿ ಫಾರ್ಮುಲಾ 4 ರೇಸ್ ಗಾಡಿಯ ಹೊಟ್ಟ್ಯಾಗ ಇರೂದು ಮಾರುತಿ 1300 ಸಿಸಿ ಇಂಜಿನ್ನಂತ. ಮಾರುತಿ ಅಂದ್ರ ಸುಜುಕಿ, ಸುಜುಕಿ ಅಂದ್ರ ಜಪಾನ! ಬಬಲೇಶ್ವರದಾಗ ನಮ್ಮ ತವರಮನಿ ಓಣ್ಯಾಗ ಬೇವಿನ ಗಿಡದ ಬುಡಕ ನಿಂತಿದ್ದ ಒಂದು ಹಳೆ ಎಸ್ಟೀಮ್, ಅದೂ 1300 ಸಿಸಿದ್ದ, ಆ ವರ್ಷದ ಮನೂಕದ ರೊಕ್ಕದಾಗ ಬಂತು. ಸೀಟಿನ ಕೆಳಗ ಇಲಿ ಗೂಡು ಮಾಡಿದ್ವು.

ಈಗ ಅವ ಅದರ ಮ್ಯಾಲ ಕೆಲಸ ಮಾಡ್ತಾನ. ಮೊದಲ ಬ್ರೇಕು, ಆಮ್ಯಾಲ ಟೈರು, ಸಸ್ಪೆನ್ಷನ್, ಕಡೀಕ ಇಂಜಿನ್ನು. ನಿಲ್ಲಿಸಾಕ ಬರಲಾರದ ಗಾಡಿ ಓಡಿಸಬಾರದು ಅಂತಾನ. ಒಂದೊಂದು ಸುತ್ತಿಗೂ ಆಯಿಲ್ ಎಷ್ಟು ಕಾದೈತಿ, ಟೈರಿನ ಗಾಳಿ ಎಷ್ಟೈತಿ ಅಂತ ವಹಿಯೊಳಗ ಬರೀತಾನ, ಥೇಟ್ ಅವರವ್ವ ಶೆಡ್ಡಿನ ಲೆಕ್ಕಾ ಬರದಂಗ. ಸ್ಕೈಲೈನಿನ ಚಿತ್ರ ಇನ್ನೂ ಗ್ವಾಡಿ ಮ್ಯಾಲೈತಿ. ಆ ಆಸೆ ಹೋಗಿಲ್ಲ, ಹೋಗೂದೂ ಬ್ಯಾಡ.

ನಿಮ್ಮನ್ಯಾಗೂ ಇಂಥಾ ಕಾಗದ ಬಂದ್ರ, ಮಗಾ ಅಂತ ಸುಮ್ಮ ಸಹಿ ಮಾಡಬ್ಯಾಡ್ರಿ, ಹೆಣ್ಣಮಕ್ಕಳಿಗೇನು ತಿಳೀತದ ಅಂತ ದೂರನೂ ಸರೀಬ್ಯಾಡ್ರಿ. ಮನಿ ಲೆಕ್ಕದ ಪುಸ್ತಕ ತಗೊಂಡು ಬಾಜೂಕ ಕುಂಡ್ರಿ. ಸುಂಕ, ತೆರಿಗಿ, ಕಾಯಿದೆ ಒಂದೊಂದ ಸಾಲು ಬರಸ್ರಿ. ಕೂಡಿಸೂದು ಕಳಿಯೂದು ನಮಗ ಯಾರೂ ಹೊಸದಾಗಿ ಕಲಸಬೇಕಾಗಿಲ್ಲ.