ಯೊಸೆಮಿಟಿಯಲ್ಲಿ ಕೊನೆಯ ಒಂದು ಪ್ಲೇಟು

ಯೊಸೆಮಿಟಿಗೆ ಹೋಗಿ ಬಂದ ಯಾರ ಫೋನ್ ತೆಗೆದು ನೋಡಿದ್ರೂ ಈ ಫೋಟೋ ಇದ್ದೇ ಇರುತ್ತೆ. ವವೋನಾ ಸುರಂಗದ ಬಾಯಿಯಲ್ಲಿರುವ ಟನಲ್ ವ್ಯೂನಲ್ಲಿ ನಿಂತರೆ ಎಡಕ್ಕೆ ಎಲ್ ಕ್ಯಾಪಿಟನ್ ಬಂಡೆ, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ನಡುವೆ ದೂರದಲ್ಲಿ ಹಾಫ್ ಡೋಮ್. ಫ್ರೇಮ್ ರೆಡಿ ಇದೆ, ಬಟನ್ ಒತ್ತೋದಷ್ಟೇ ನಮ್ಮ ಕೆಲಸ.

ಸ್ಯಾನ್ ಹೋಸೆಯಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಬಂದು ನಾನೂ ಒತ್ತಿದೆ. ಕೋಡಿಂಗ್ ಬಿಟ್ಟರೆ ನನಗಿರೋ ಹುಚ್ಚು ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಒಂದೇ. ಸಂಜೆ ಇಪ್ಪತ್ತು ಚಿತ್ರ ಆರಿಸಿ ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಉತ್ತರ ಬಂತು: "ಚೆನ್ನಾಗಿದೆ ಮಾರಾಯ, ಕ್ಯಾಲೆಂಡರ್ ಇದ್ದ ಹಾಗಿದೆ. ನಿಂಗೆ ಅಲ್ಲಿ ಏನನ್ನಿಸ್ತು?"

ಟೈಪ್ ಮಾಡೋಕೆ ಹೋದೆ, ಏನೂ ತೋಚಲಿಲ್ಲ. ಐದು ವರ್ಷದಿಂದ ಕ್ಯಾಮೆರಾ ಹೊತ್ತು ತಿರುಗ್ತಿದೀನಿ. ಇನ್ನೂ ಐದು ವರ್ಷ ತಿರುಗಿದ್ರೂ ನನ್ನದು ಅನ್ನೋ ಒಂದು ಚಿತ್ರ ಬರುತ್ತಾ? ರಾತ್ರಿಯೆಲ್ಲ ಇದೇ ಕೊರೀತಾ ಇತ್ತು.

ಮರುದಿನ ಕಣಿವೆಯೊಳಗಿನ ಆನ್ಸೆಲ್ ಆಡಮ್ಸ್ ಗ್ಯಾಲರಿಗೆ ಹೋದೆ. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಆಡಮ್ಸ್ ಮೊದಲು ಆಗಬೇಕು ಅಂದುಕೊಂಡಿದ್ದು ಪಿಯಾನೋ ವಾದಕ. 1916ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಮನೆಯವರ ಜತೆ ಯೊಸೆಮಿಟಿಗೆ ಬಂದಾಗ ಕೈಗೆ ಸಿಕ್ಕಿದ್ದು ಒಂದು ಕೊಡಾಕ್ ಬ್ರೌನಿ ಕ್ಯಾಮೆರಾ. ಆಮೇಲೆ ಪ್ರತಿ ವರ್ಷ ಬಂದರು. ಸಂಗೀತವೋ, ಕ್ಯಾಮೆರಾವೋ ಅನ್ನೋ ತೂಗಾಟ ಮುಗಿದದ್ದು ಸುಮಾರು 1930ರಲ್ಲಿ.

ತಿರುವು ಮಾತ್ರ ಅದಕ್ಕೂ ಮೊದಲೇ ಬಂದಿತ್ತು. 1927ರ ಏಪ್ರಿಲ್‌ನಲ್ಲಿ ಭಾರದ ಕ್ಯಾಮೆರಾ, ಹನ್ನೆರಡು ಗಾಜಿನ ಪ್ಲೇಟುಗಳನ್ನು ಹೊತ್ತು ಗೆಳೆಯರ ಜತೆ ಅವರು ಬೆಟ್ಟ ಹತ್ತಿದರು. ಹಾಫ್ ಡೋಮ್‌ನ ಎದುರು ನಿಂತಾಗ ಉಳಿದಿದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಆದರೆ ಆ ಬಂಡೆ ತಮ್ಮ ಎದೆಯಲ್ಲಿ ಹುಟ್ಟಿಸಿದ ಗಾಂಭೀರ್ಯ ಅದರಲ್ಲಿ ಬರೋದಿಲ್ಲ ಅನ್ನಿಸಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತೆ. ಹಾಗಾಗಿ ಪ್ರಿಂಟ್‌ನಲ್ಲಿ ಆಕಾಶ ಹತ್ತಿರಹತ್ತಿರ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಅದೇ 'ಮಾನೋಲಿತ್, ದ ಫೇಸ್ ಆಫ್ ಹಾಫ್ ಡೋಮ್'. ಕ್ಲಿಕ್ಕಿಸುವ ಮೊದಲೇ ಕೊನೆಯ ಚಿತ್ರವನ್ನು ಮನಸ್ಸಿನಲ್ಲಿ ನೋಡೋದಕ್ಕೆ ಅವರು 'ವಿಷುವಲೈಸೇಷನ್' ಅಂತ ಹೆಸರಿಟ್ಟರು.

ಅಪ್ಪ ಕೇಳಿದ್ದೂ ಇದನ್ನೇ ಅಲ್ವಾ? ಆಡಮ್ಸ್ 'ಏನನ್ನಿಸ್ತು' ಅನ್ನೋದಕ್ಕೆ ಮೊದಲು ಉತ್ತರ ಕಂಡುಕೊಂಡು, ಆಮೇಲೆ ಫಿಲ್ಟರ್ ಆರಿಸಿದರು. ನನ್ನ ಫೋನಲ್ಲಿ ನೂರು ಫಿಲ್ಟರ್ ಇವೆ, ಯಾವುದೂ ಆ ಪ್ರಶ್ನೆ ಕೇಳೋದಿಲ್ಲ.

ಮೂರನೇ ದಿನ ಬೆಳಗ್ಗೆ ಮರ್ಸೆಡ್ ನದಿ ದಡದಲ್ಲಿ ಕ್ಯಾಮೆರಾ ಬ್ಯಾಗಿನಲ್ಲೇ ಬಿಟ್ಟು ಒಂದು ಗಂಟೆ ಕೂತೆ. ಬಂಡೆಗಳ ಮೇಲಿನ ಬಿಸಿಲು ನಿಧಾನಕ್ಕೆ ಕೆಳಗಿಳೀತಾ ಇತ್ತು. ನನಗನ್ನಿಸಿದ್ದು ಭವ್ಯತೆಯಲ್ಲ, ಒಂಟಿತನ. ಊರು ಬಿಟ್ಟು ಬಂದವನ ಒಂಟಿತನ. ಅದಾದ ಮೇಲೆ ತೆಗೆದದ್ದು ಒಂದೇ ಚಿತ್ರ: ನೆರಳಲ್ಲಿ ನಿಂತ ಒಂದು ಪೈನ್ ಮರ, ಹಿಂದೆ ಬೆಳಗುವ ಗೋಡೆಯಂಥ ಬಂಡೆ. ಲೈಕು ಎಷ್ಟು ಬರುತ್ತೋ ಗೊತ್ತಿಲ್ಲ, ಚಿತ್ರ ಮಾತ್ರ ನನ್ನದು.

ಆಡಮ್ಸ್ 1960ರಲ್ಲಿ ಮತ್ತೆ ಅದೇ ಹಾಫ್ ಡೋಮ್ ತೆಗೆದರು, ಈ ಸಲ ಚಂದ್ರನ ಜತೆ. ಮೂವತ್ತಮೂರು ವರ್ಷವಾದ್ರೂ ಆ ಬಂಡೆ ಅವರಿಗೆ ಹಳತಾಗಿರಲಿಲ್ಲ. ನನ್ನೂರಿನ ಪಕ್ಕದಲ್ಲೂ ಒಂದು ಬಂಡೆ ಬೆಟ್ಟವಿದೆ, ಕುಂದಾದ್ರಿ. ಡಿಸೆಂಬರ್‌ ರಜೆಯಲ್ಲಿ ಬೇರೆಲ್ಲೂ ಹೋಗದೆ ಮೂರು ದಿನ ಅಲ್ಲೇ ಇರ್ತೀನಿ.