‘ಸ್ವಭಾವ’ ಎಂಬ ಕಾಲಂ

ಮನುಷ್ಯನ ಸ್ವಭಾವದ ಬಗ್ಗೆ ನಮ್ಮಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಇನ್ನೊಂದು. ಮೊದಲನೆಯದರ ಪ್ರಕಾರ ಗುಣ ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಎರಡನೆಯದರ ಪ್ರಕಾರ ಎಳವೆಯಲ್ಲಿ ಬಗ್ಗಿಸಿದ ಹಾಗೆ ಬಗ್ಗುತ್ತದೆ. ಒಂದೇ ಮನೆಯ ಹಿರಿಯರು ಒಂದೇ ದಿನ ಎರಡನ್ನೂ ಹೇಳುವುದುಂಟು, ಯಾರೂ ತಕರಾರು ಮಾಡುವುದಿಲ್ಲ. ಆದರೆ ಶಿಕ್ಷಕರಾಗಲು ಹೊರಟ ನಾವು ಇದನ್ನು ಅಷ್ಟು ಹಗುರವಾಗಿ ಬಿಡುವಂತಿಲ್ಲ. ನಮ್ಮ ವ್ಯಕ್ತಿ ಅಧ್ಯಯನದ ನಮೂನೆಯಲ್ಲಿ ‘ವಿದ್ಯಾರ್ಥಿಯ ಸ್ವಭಾವ’ ಎಂಬ ಕಾಲಂ ಇದೆ. ಅಲ್ಲಿ ನಾವು ಬರೆಯುವ ಎರಡು ಪದ ಆ ಮಗುವಿನ ಹಿಂದೆಯೇ ಮುಂದಿನ ತರಗತಿಗೆ ಹೋಗಬಹುದು. ಕೆಮ್ಮಣ್ಣಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡಿದ ವಾರಗಳಲ್ಲಿ ಆ ಕಾಲಂ ಬಗ್ಗೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆಯನ್ನು ನಾವು ಮನಃಶಾಸ್ತ್ರದ ಪತ್ರಿಕೆಯಲ್ಲಿ ಪಾಶ್ಚಾತ್ಯರ ಹೆಸರುಗಳೊಂದಿಗೆ ಓದುತ್ತೇವೆ. ಆದರೆ ಅದಕ್ಕೆ ಬಹಳ ಗಟ್ಟಿಯಾದ ಉತ್ತರವೊಂದು ನಮ್ಮ ಜಿಲ್ಲೆಯಲ್ಲೇ ಹುಟ್ಟಿದೆ. ಉಡುಪಿಗೆ ಹತ್ತಿರದ ಪಾಜಕದಲ್ಲಿ 13ನೇ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರ ಮತದಲ್ಲಿ ಜೀವ ಜೀವಗಳ ನಡುವಿನ ಭೇದ ಸತ್ಯ. ಪ್ರತಿ ಜೀವಕ್ಕೂ ಅದರದೇ ಸ್ವರೂಪ, ಅದರದೇ ಯೋಗ್ಯತೆ ಇದೆ. ಅದು ಅನಾದಿಯಾದದ್ದು, ಬದಲಾಗುವಂಥದ್ದಲ್ಲ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವಗಳಲ್ಲಿ ಮೂರು ವರ್ಗಗಳನ್ನೂ ಅವರು ಹೇಳಿದರು. ಸ್ವಭಾವ ಬದಲಾಗದು ಎಂಬ ವಾದ ಇದಕ್ಕಿಂತ ಗಟ್ಟಿಯಾಗಿರುವುದು ಕಷ್ಟ.

ಇನ್ನೊಂದು ತುದಿಯ ಉತ್ತರವೂ ಕನ್ನಡದಲ್ಲೇ ಇದೆ. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಬೆಳೆಯುತ್ತ ಬೆಳೆಯುತ್ತ ಜಾತಿ, ಮತ, ಭಾಷೆಗಳ ಕಟ್ಟು ಹಾಕಿ ನಾವೇ ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ, ಶಿಕ್ಷಣದ ಕೆಲಸ ಆ ಕಟ್ಟು ಬಿಚ್ಚುವುದು ಎಂಬುದು ಕುವೆಂಪು ಅವರ ವಿಚಾರ. ಇಲ್ಲಿ ದೋಷ ಮಗುವಿನಲ್ಲಿಲ್ಲ, ಬೆಳೆಸಿದವರಲ್ಲಿದೆ.

ಪಶ್ಚಿಮದಲ್ಲೂ ಇವೇ ಎರಡು ತುದಿಗಳು. ಜಾನ್ ಲಾಕ್ ಮಗುವಿನ ಮನಸ್ಸನ್ನು ಏನೂ ಬರೆಯದ ಬಿಳಿ ಹಾಳೆಗೆ ಹೋಲಿಸಿದ. 19ನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಪ್ರತಿಭೆ ವಂಶದಲ್ಲೇ ಹರಿದುಬರುತ್ತದೆ ಎಂದು ವಾದಿಸಿದ. ಆ ವಾದ ಮುಂದೆ ‘ಒಳ್ಳೆಯ ತಳಿಯ’ ಮನುಷ್ಯರನ್ನು ಬೆಳೆಸುವ ಸುಜನನ ಚಳವಳಿಗೆ ದಾರಿಯಾಯಿತು. 1920ರ ದಶಕದಲ್ಲಿ ಜಾನ್ ವಾಟ್ಸನ್, ಆರೋಗ್ಯವಂತ ಶಿಶುಗಳನ್ನು ತನ್ನ ಕೈಗೆ ಕೊಟ್ಟರೆ ಯಾರನ್ನು ಬೇಕಾದರೂ ವೈದ್ಯನನ್ನಾಗಿಯೋ ಕಳ್ಳನನ್ನಾಗಿಯೋ ಮಾಡಬಲ್ಲೆ ಎಂದ. ಪರೀಕ್ಷೆಗೆ ಇವನ್ನು ‘ಅನುವಂಶೀಯತೆ ಮತ್ತು ಪರಿಸರ’ ಎಂಬ ತಲೆಬರಹದಡಿ ಎರಡು ಕಾಲಂ ಮಾಡಿ ಬರೆದು, ಕೊನೆಗೆ ‘ಎರಡೂ ಮುಖ್ಯ’ ಎಂದು ಮುಗಿಸುತ್ತೇವೆ.

ತರಗತಿಯಲ್ಲಿ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಮೆಂಡೆಲ್ ಎತ್ತರದ ಮತ್ತು ಗಿಡ್ಡ ಬಟಾಣಿ ಗಿಡಗಳನ್ನು ಅಡ್ಡಹಾಯಿಸಿದ್ದು, ಎರಡನೇ ಪೀಳಿಗೆಯಲ್ಲಿ 787 ಎತ್ತರದ ಗಿಡಗಳೂ 277 ಗಿಡ್ಡ ಗಿಡಗಳೂ ಬಂದದ್ದು, ಅದು ಸುಮಾರು 3:1 ಆಗುವುದು, ಇಷ್ಟನ್ನು ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರೇ, ನನ್ನ ಅಪ್ಪನೂ ಲೆಕ್ಕದಲ್ಲಿ ಫೇಲಂತೆ, ನಾನೂ ಫೇಲು. ಇದೂ ಬಟಾಣಿಯ ಹಾಗೆಯಾ?’

ಕೆಲವರು ನಕ್ಕರು. ಅವನು ನಗಲಿಲ್ಲ. ನಾನು ಕಲಿಸುತ್ತಿದ್ದ ಪಾಠವನ್ನು ಅವನು ತನ್ನ ಬಗೆಗಿನ ತೀರ್ಪಾಗಿ ಕೇಳಿಸಿಕೊಳ್ಳುತ್ತಿದ್ದ.

ಮೆಂಡೆಲ್ ಬೇಕೆಂದೇ ಎರಡರಲ್ಲಿ ಒಂದಾಗಿ ಕಾಣುವ ಏಳು ಗುಣಗಳನ್ನು ಆರಿಸಿಕೊಂಡಿದ್ದ, ಮನುಷ್ಯನ ಎತ್ತರದಂಥ ಗುಣದ ಹಿಂದೆಯೂ ಸಾವಿರಾರು ಜೀನ್ ವ್ಯತ್ಯಾಸಗಳಿವೆ, ಲೆಕ್ಕ ಬರುವುದು ಬಾರದಿರುವುದು ಬಟಾಣಿಯ ಹಾಗಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿದ. ಆದರೆ ಅದು ಒಪ್ಪಿದ ತಲೆಯಾಟವಾಗಿರಲಿಲ್ಲ. ಆಗ ಗದ್ದೆಯ ಮಾತು ತೆಗೆದೆ. ‘ಒಂದೇ ಚೀಲದ ಎಂಒ-4 ಬೀಜವನ್ನು ಬೈಲು ಗದ್ದೆಗೂ ಬೆಟ್ಟು ಗದ್ದೆಗೂ ಹಾಕಿದರೆ ಪೈರು ಒಂದೇ ಎತ್ತರ ಬರುತ್ತದಾ?’

ಇಲ್ಲ ಎಂದು ಅರ್ಧ ತರಗತಿ ಹೇಳಿತು. ಸ್ವರ್ಣಾ ನದಿಯ ಬದಿಯಿಂದ ಬರುವ ಹುಡುಗಿಯೊಬ್ಬಳು ಸೇರಿಸಿದಳು: ‘ನಮ್ಮ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ ಟೀಚರೇ. ಬೀಜ ಎಷ್ಟು ಒಳ್ಳೆಯದಿದ್ದರೂ ಅಷ್ಟೇ.’

‘ಹಾಗಾದರೆ ಒಂದೇ ಗದ್ದೆಯಲ್ಲಿ ಅಕ್ಕಪಕ್ಕದ ಎರಡು ಪೈರು ಬೇರೆ ಬೇರೆ ಎತ್ತರ ಇದ್ದರೆ?’

‘ಬೀಜ ಬೆರಕೆ ಇರಬಹುದು.’

‘ಸರಿ. ಈಗ ಒಂದೇ ಒಂದು ಪೈರು. ಅದರ ಎತ್ತರದಲ್ಲಿ ಎಷ್ಟು ಇಂಚು ಬೀಜದ್ದು, ಎಷ್ಟು ಇಂಚು ಮಣ್ಣಿನದ್ದು?’

ಈ ಸಲ ಎಲ್ಲರೂ ನಕ್ಕರು, ಆ ಹುಡುಗನೂ.

ಮಕ್ಕಳು ಹೇಳಿದ್ದು ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಜೋಳದ ಬೀಜದ ಉದಾಹರಣೆಯಿಂದ ವಿವರಿಸಿದ ಮಾತೇ. ಒಂದೇ ಮಣ್ಣಿನಲ್ಲಿ ಬೆಳೆದ ಗಿಡಗಳ ನಡುವಿನ ವ್ಯತ್ಯಾಸ ಪೂರ್ತಿ ಬೀಜದ್ದಾಗಿರಬಹುದು. ಅದೇ ಹೊತ್ತಿಗೆ ಎರಡು ಮಣ್ಣುಗಳ ಬೆಳೆಯ ನಡುವಿನ ವ್ಯತ್ಯಾಸ ಪೂರ್ತಿ ಮಣ್ಣಿನದ್ದಾಗಿರಬಹುದು. ಅನುವಂಶೀಯತೆಯ ಶೇಕಡಾವಾರು ಅಂಕಿಗಳು ಒಂದು ಗುಂಪಿನೊಳಗಿನ ವ್ಯತ್ಯಾಸವನ್ನು ಹೇಳುತ್ತವೆ, ಒಬ್ಬನ ಬಗ್ಗೆ ಏನನ್ನೂ ಹೇಳುವುದಿಲ್ಲ. ಗುಂಪಿನ ಮಣ್ಣು ಬದಲಾದರೆ ಅಂಕಿಯೂ ಬದಲಾಗಬಹುದು. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಅಮೆರಿಕದ ಏಳು ವರ್ಷದ ಅವಳಿ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳನ್ನು ವಿಶ್ಲೇಷಿಸಿದರು. ಅನುಕೂಲಸ್ಥ ಮನೆಗಳ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ದೊಡ್ಡದಿತ್ತು. ಬಡ ಮನೆಗಳ ಮಕ್ಕಳಲ್ಲಿ ಅದು ಸೊನ್ನೆಗೆ ಹತ್ತಿರವಿತ್ತು. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಇಂಥ ವ್ಯತ್ಯಾಸ ಅಮೆರಿಕದಲ್ಲಿ ಕಂಡಿತು, ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯದಲ್ಲಿ ಕಾಣಲಿಲ್ಲ. ಅಂದರೆ ‘ಬುದ್ಧಿ ಇಷ್ಟು ಶೇಕಡಾ ಹುಟ್ಟಿನಿಂದ’ ಎಂದು ಎಲ್ಲ ಊರಿಗೂ ಹೊಂದುವ ಒಂದು ಅಂಕಿ ಇಲ್ಲ.

ಜೀನ್‌ನಿಂದ ಬಂದದ್ದು ಬದಲಾಗದು ಎಂಬುದೂ ನಿಜವಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆಯಲ್ಲಿ ಒಂದೇ ಜೀನ್‌ನ ದೋಷದಿಂದ ಮಗುವಿನ ಮೆದುಳಿಗೆ ಹಾನಿಯಾಗುತ್ತದೆ. ಆದರೆ ಹುಟ್ಟಿದೊಡನೆ ಪತ್ತೆಹಚ್ಚಿ, ಫಿನೈಲಲನೀನ್ ಕಡಿಮೆ ಇರುವ ಆಹಾರ ಕೊಟ್ಟರೆ ಆ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಕಾರಣ ಹುಟ್ಟಿನಲ್ಲಿದೆ, ಪರಿಹಾರ ಊಟದ ತಟ್ಟೆಯಲ್ಲಿದೆ.

ಹಾಗೆಂದು ಎಲ್ಲವನ್ನೂ ಮಣ್ಣಿನ ಮೇಲೆ ಹಾಕಿದರೆ ಆಯಿತೇ? ಅಭ್ಯಾಸ ಬೋಧನೆಯಲ್ಲಿ ನನಗೆ ಹೆಚ್ಚು ಕಾಡಿದ್ದು ಈ ಪ್ರಶ್ನೆ. ‘ಅವನ ಹುಟ್ಟುಗುಣವೇ ಹಾಗೆ’ ಎನ್ನುವುದು ಹಳೆಯ ಮಾತು. ಇಂದಿನ ದಾಖಲೆಗಳಲ್ಲಿ ಅದರ ಬದಲು ‘ಮನೆಯ ವಾತಾವರಣ ಸರಿಯಿಲ್ಲ’ ಎಂದು ಬರೆಯುತ್ತೇವೆ. ಕೇಳಲು ಇದು ವೈಜ್ಞಾನಿಕವಾಗಿದೆ, ಕರುಣೆಯೂ ಇದೆ. ಆದರೆ ಎರಡೂ ಮಾತು ಮಾಡುವ ಕೆಲಸ ಒಂದೇ. ಒಂದು ಕಾರಣವನ್ನು ಹುಟ್ಟಿನಲ್ಲಿ ಇಡುತ್ತದೆ, ಇನ್ನೊಂದು ಮನೆಯಲ್ಲಿ ಇಡುತ್ತದೆ. ಎರಡೂ ಕಡೆ ಶಿಕ್ಷಕರ ಕೈ ತಲುಪುವುದಿಲ್ಲ. ಶಾಲೆಯ ನಲವತ್ತು ನಿಮಿಷ ಮಾತ್ರ ಎರಡು ವಿವರಣೆಗಳಲ್ಲೂ ಇಲ್ಲ.

ಆ ನಲವತ್ತು ನಿಮಿಷದಲ್ಲಿ ಏನಿದೆ ಎಂದು ನೋಡಲು ಗಣಿತದ ಸಹಪ್ರಶಿಕ್ಷಣಾರ್ಥಿಯ ಜೊತೆ ಕುಳಿತು ಆ ಹುಡುಗನಿಗೆ ಹತ್ತು ಲೆಕ್ಕಗಳ ನೈದಾನಿಕ ಪರೀಕ್ಷೆ ತಯಾರಿಸಿದೆವು. ಕೂಡಿಸು, ಕಳೆ, ಗುಣಿಸು, ಭಾಗಿಸು ಸರಿಯಿತ್ತು. ಋಣ ಸಂಖ್ಯೆ ಬಂದ ಆರು ಲೆಕ್ಕಗಳಲ್ಲೂ ಉತ್ತರ ತಪ್ಪಿತ್ತು. ಮೂರರಿಂದ ಏಳನ್ನು ಕಳೆಯಬೇಕಾದಲ್ಲೆಲ್ಲ ಅವನು ಏಳರಿಂದ ಮೂರನ್ನು ಕಳೆಯುತ್ತಿದ್ದ. ‘ಸಣ್ಣದರಿಂದ ದೊಡ್ಡದು ಹೋಗುವುದಿಲ್ಲ ಅಲ್ವಾ?’ ಎಂದ. ಕೆಳಗಿನ ತರಗತಿಯಲ್ಲಿ ಯಾರೋ ಸರಿಯಾಗಿಯೇ ಕಲಿಸಿದ ನಿಯಮವನ್ನು ಅವನು ನಿಷ್ಠೆಯಿಂದ ಹತ್ತನೆಯವರೆಗೆ ತಂದಿದ್ದ. ನಾಲ್ಕು ದಿನ ಸಂಜೆ ಸಂಖ್ಯಾರೇಖೆಯನ್ನು ಅಂಗಳದಲ್ಲಿ ಎಳೆದು ಪರಿಹಾರ ಬೋಧನೆ ನಡೆಸಿದೆವು. ಆಮೇಲೆ ಅಂಥದೇ ಆರರಲ್ಲಿ ನಾಲ್ಕು ಸರಿ ಮಾಡಿದ. ಲೆಕ್ಕದಲ್ಲಿ ಪಾಸಾಗುತ್ತಾನೆ ಎಂದು ಹೇಳಲು ಇದು ಸಾಲದು. ಆದರೆ ‘ಅಪ್ಪನಿಂದ ಬಂದದ್ದು’ ಎಂದು ಅವನು ಅಂದುಕೊಂಡಿದ್ದರಲ್ಲಿ ಒಂದು ಭಾಗಕ್ಕೆ ಈಗ ಒಂದು ಪುಟ್ಟ ಹೆಸರು ಸಿಕ್ಕಿತು: ಋಣ ಸಂಖ್ಯೆ.

ಬುದ್ಧಿಪರೀಕ್ಷೆಯ ಚರಿತ್ರೆಯಲ್ಲೂ ಇದೇ ಪಾಠವಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಸಹೋದ್ಯೋಗಿ ಸಿಮೋನ್ ಜೊತೆ ಪರೀಕ್ಷೆ ರೂಪಿಸಿದ್ದು, ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿ ಹೆಚ್ಚಿಸಲಾಗದ ನಿಶ್ಚಿತ ಪ್ರಮಾಣ ಎಂಬ ನಿರಾಶಾವಾದವನ್ನು ಆತ ಖಂಡಿಸಿದ್ದ. ಅಮೆರಿಕಕ್ಕೆ ಹೋದ ಮೇಲೆ ಅದೇ ಪರೀಕ್ಷೆ ಹುಟ್ಟುಬುದ್ಧಿಯ ಅಳತೆಗೋಲಾಯಿತು. ನೆರವಿಗಾಗಿ ಮಾಡಿದ ಗುರುತು ಹಣೆಪಟ್ಟಿಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ನಮ್ಮ ‘ನಿಧಾನ ಕಲಿಕೆಯವರು’ ಎಂಬ ಪಟ್ಟಿಗೂ ಈ ಅಪಾಯವಿದೆ.

ತತ್ತ್ವಜ್ಞಾನಿಗಳನ್ನು ಮತ್ತೆ ಓದಿದಾಗ ಒಂದು ವಿಷಯ ಗಮನಕ್ಕೆ ಬಂತು. ಬಿಳಿ ಹಾಳೆ ಎಂದ ಲಾಕ್‌ನೇ 1693ರ ತನ್ನ ಶಿಕ್ಷಣದ ಪುಸ್ತಕದಲ್ಲಿ ಮಕ್ಕಳಿಗೆ ಹುಟ್ಟಿನಿಂದ ಬಂದ ಒಲವುಗಳಿವೆ, ಕಲಿಸುವವರು ಅವನ್ನು ಗಮನಿಸಬೇಕು ಎಂದ. ಸ್ವರೂಪ ಬದಲಾಗದು ಎಂದ ಮಧ್ವಾಚಾರ್ಯರು ಕೈಕಟ್ಟಿ ಕೂರಲಿಲ್ಲ. 37 ಗ್ರಂಥಗಳನ್ನು ರಚಿಸಿದರು, ಶಿಷ್ಯರಿಗೆ ಪಾಠ ಹೇಳಿದರು. ಅವರ ಮತದಲ್ಲೂ ಯೋಗ್ಯತೆ ತಾನಾಗಿ ಹೊರಬರುವುದಿಲ್ಲ, ಸಾಧನೆ ಬೇಕು, ಗುರು ಬೇಕು. ಎರಡು ತುದಿಯವರೂ ಕಲಿಸುವ ಜಾಗಕ್ಕೆ ಬಂದಾಗ ಹತ್ತಿರವಾಗುತ್ತಾರೆ.

ಆದ್ದರಿಂದ ಮನುಷ್ಯ ಸ್ವಭಾವದ ಯಾವ ಸಿದ್ಧಾಂತ ಕೊನೆಗೆ ಗೆದ್ದರೂ, ಒಂದು ಮಗುವಿನ ಮೇಲೆ ಷರಾ ಬರೆಯುವ ಅಧಿಕಾರವನ್ನು ಅದು ನಮಗೆ ಕೊಡುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ನಮ್ಮ ಕಣ್ಣಿಗೆ ಬೀಳುವುದು ಸ್ವಭಾವವಲ್ಲ. ಇಂಥ ದಿನ, ಇಂಥ ಪಾಠದಲ್ಲಿ, ಇಂಥ ಬೆಂಚಿನಲ್ಲಿ ಕೂತು ಮಗು ಏನು ಮಾಡಿತು ಎಂಬುದಷ್ಟೇ ನಮಗೆ ಕಾಣುತ್ತದೆ. ವ್ಯಕ್ತಿ ಅಧ್ಯಯನದ ಆ ಕಾಲಂಗೆ ಅದನ್ನೇ ಬರೆಯೋಣ ಎಂದು ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ. ‘ಗಣಿತದಲ್ಲಿ ಹಿಂದುಳಿದಿದ್ದಾನೆ’ ಎಂಬ ವಾಕ್ಯವನ್ನು ಮುಂದಿನ ಶಿಕ್ಷಕರು ಓದಿ ಪುಟ ತಿರುಗಿಸಬಹುದು. ‘ಸಣ್ಣ ಸಂಖ್ಯೆಯಿಂದ ದೊಡ್ಡದನ್ನು ಕಳೆಯುವಾಗ ಸಂಖ್ಯೆಗಳನ್ನು ಅದಲುಬದಲು ಮಾಡುತ್ತಾನೆ, ಸಂಖ್ಯಾರೇಖೆ ಬಳಸಿದಾಗ ಆರರಲ್ಲಿ ನಾಲ್ಕು ಸರಿ’ ಎಂಬ ವಾಕ್ಯ ಓದಿದವರಿಗೆ ಮರುದಿನ ಬೆಳಿಗ್ಗೆ ಮಾಡಲು ಒಂದು ಕೆಲಸವಿರುತ್ತದೆ. ನಮೂನೆಯಲ್ಲಿ ‘ಸ್ವಭಾವ’ ಎಂಬ ತಲೆಬರಹವನ್ನು ‘ಗಮನಿಸಿದ್ದು’ ಎಂದು ಬದಲಿಸಬಹುದೇ ಎಂದು ನಮ್ಮ ಉಪನ್ಯಾಸಕರಲ್ಲಿಯೂ ಕೇಳಿಕೊಳ್ಳುತ್ತೇನೆ.