ಕಾಣದೆ ಬಂದ ಶಿಖರ

ಯಾತ್ರೆಗೆ ಹೋದವರು ಗುಡಿಯ ಬಾಗಿಲಿನವರೆಗೆ ನಡೆದು ದೇವರ ದರ್ಶನವಿಲ್ಲದೆ ಹಿಂತಿರುಗಿದರೆ ಅವರ ಮನಸ್ಸು ಹೇಗಿರುವುದೋ, ಒಂದು ಮಾರ್ಚ್ ತಿಂಗಳ ಬೆಳಗ್ಗೆ ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನನ್ನ ಮನಸ್ಸೂ ಹಾಗೆಯೇ ಇದ್ದಿತು. ಆ ದಿನ ನಾನು ಕಲಿತದ್ದು ಅಲ್ಪವಲ್ಲವಾದುದರಿಂದ ಅದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಆ ದೇಶದ ಗ್ರೌಬ್ಯುಂಡೆನ್ ಪ್ರಾಂತದಲ್ಲಿ ಮಾಲೋಯಾ ಎಂಬುದೊಂದು ಹಳ್ಳಿ. ಸಮುದ್ರಮಟ್ಟಕ್ಕಿಂತ ಸುಮಾರು 1,800 ಮೀಟರು ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ ಪಿಟ್ಸ್ ಲುಂಗಿನ್ ಎಂಬ 2,780 ಮೀಟರಿನ ಶಿಖರ. ಆಲ್ಪ್ಸಿನ ಹೆಸರಾಂತ ಶಿಖರಗಳ ನಡುವೆ ಇದು ಬಡ ಬಂಧುವಿನಂತೆ ಮೌನವಾಗಿ ನಿಂತಿದೆ. ಇಲ್ಲಿಗೆ ಏರಿಸುವ ಯಂತ್ರವಾಹನವಿಲ್ಲ. ಹೋಗತಕ್ಕವರು ಕಾಲಬಲವನ್ನೇ ನಂಬಬೇಕು.

ನನ್ನ ಜೊತೆಗಾರರು ಆ ಹಳ್ಳಿಯ ನಿವೃತ್ತ ಉಪಾಧ್ಯಾಯರು. ಎರಡು ಚಳಿಗಾಲ ಅವರಲ್ಲಿ ಸ್ಕೀ ವಿದ್ಯೆಯನ್ನು ಕಲಿತಿದ್ದೆನು. ಮರುವಾರ ನಾನು ಊರಿಗೆ ಹೊರಡತಕ್ಕವನು. ಮರಳಿ ಬರುವ ಸಂಭವವಿರಲಿಲ್ಲ. ಹಿಂದಿನ ಸಂಜೆ ಅವರು ದಾವೋಸಿನ ಹಿಮಸಂಶೋಧನ ಸಂಸ್ಥೆಯ ಸೂಚನೆಯನ್ನು ಓದಿ, "ಬೆಳಗ್ಗೆ ಅಪಾಯ ಕಡಮೆ, ಬಿಸಿಲೇರಿದಂತೆ ಹೆಚ್ಚು. ಹತ್ತೂವರೆಗೆ ಎಲ್ಲಿದ್ದೇವೆಯೋ ಅಲ್ಲಿಂದಲೇ ಹಿಂತಿರುಗತಕ್ಕದ್ದು. ಒಪ್ಪಿಗೆಯೆ?" ಎಂದರು. ಒಪ್ಪಿದೆನು. ಬೆಚ್ಚಗಿನ ಮನೆಯಲ್ಲಿ ಕುಳಿತು ಒಪ್ಪುವುದು ಸುಲಭ.

ಜಾರುವ ಹಲಗೆಯಿಂದ ಬೆಟ್ಟವನ್ನು ಹತ್ತುವುದೆಂತು ಎಂದು ವಾಚಕರು ಕೇಳಬಹುದು. ಹಲಗೆಯ ಅಡಿಗೆ ರೋಮದ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವಾಗಿದ್ದಿತು. ಈಗ ಅಂಗೋರಾ ಮೇಕೆಯ ರೋಮ ಅಥವಾ ನೈಲಾನ್. ರೋಮವೆಲ್ಲ ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಸರಿಯುವುದು, ಹಿಂದಕ್ಕೆ ಜಾರದು. ಬೆಕ್ಕಿನ ಬೆನ್ನನ್ನು ಸವರಿದವರಿಗೆ ಇದರ ಮರ್ಮ ತಿಳಿದೇ ಇದೆ. ಷರ್ಲಾಕ್ ಹೋಮ್ಸನ ಕರ್ತೃವಾದ ಕಾನನ್ ಡಾಯ್ಲನು 1894ರಲ್ಲಿ ಇದೇ ಪ್ರಾಂತದ ದಾವೋಸಿನಿಂದ ಅರೋಸಾಕ್ಕೆ ಸ್ಕೀ ತೊಟ್ಟು ಬೆಟ್ಟ ದಾಟಿ, ಆ ಕಥೆಯನ್ನು ಬರೆದು ಇಂಗ್ಲಿಷ್ ಓದುಗರಿಗೂ ಈ ಹುಚ್ಚನ್ನು ಹಚ್ಚಿದನು.

ನಸುಕಿನಲ್ಲಿ ಹೊರಟೆವು. ಹಿಮವು ಕಲ್ಲಿನಂತೆ ಗಟ್ಟಿಯಾಗಿದ್ದಿತು. ನಮ್ಮ ಹಲಗೆಗಳ ಸದ್ದಿನ ಹೊರತು ಬೇರೆ ಸದ್ದಿಲ್ಲ. ಅರ್ಧ ದಾರಿಯಲ್ಲಿ ನನ್ನ ಪಟ್ಟಿಯೊಂದು ಕಳಚಿಕೊಂಡಿತು. ಅವಸರದಲ್ಲಿ ಅದರ ಅಂಟಿಗೆ ಹಿಮವನ್ನು ಮೆತ್ತಿಸಿದೆನು. ಅದು ಮತ್ತೆ ಹಿಡಿಯಲೊಲ್ಲದು. ಉಪಾಧ್ಯಾಯರು ಅದನ್ನು ತಮ್ಮ ಅಂಗಿಯೊಳಗಿಟ್ಟು ಮೈಶಾಖದಿಂದ ಒಣಗಿಸಿ ಕೊಟ್ಟರು. ಮುಕ್ಕಾಲು ಗಂಟೆ ಹೋಯಿತು. ಅವರು ಒಂದು ಮಾತನ್ನೂ ಆಡಲಿಲ್ಲ.

2,484 ಮೀಟರಿನಲ್ಲಿರುವ ಲುಂಗಿನ್ ಸರೋವರವು ಹಿಮದ ಅಡಿಯಲ್ಲಿ ನಿದ್ರಿಸುತ್ತಿದ್ದಿತು. ಅದನ್ನು ದಾಟಿ, 2,645 ಮೀಟರಿನ ಲುಂಗಿನ್ ಕಣಿವೆದಾರಿಯನ್ನು ಸೇರಿದೆವು. ನಮ್ಮ ಸಹ್ಯಾದ್ರಿಯ ನೆತ್ತಿಯಲ್ಲಿ ಬಿದ್ದ ಮಳೆ ಎರಡಾಗಿ ಪೂರ್ವಪಶ್ಚಿಮ ಸಮುದ್ರಗಳನ್ನು ಸೇರುವುದನ್ನು ನಾವು ಬಲ್ಲೆವು. ಇಲ್ಲಿ ನೀರು ಮೂರಾಗುವುದು. ಸರೋವರದ ಕಡೆಯದು ಇನ್ ನದಿಯಾಗಿ ಡ್ಯಾನ್ಯೂಬನ್ನು ಕೂಡಿ ಕಪ್ಪು ಸಮುದ್ರಕ್ಕೆ. ಉತ್ತರದ್ದು ರೈನ್ ನದಿಯ ಮೂಲಕ ಉತ್ತರ ಸಮುದ್ರಕ್ಕೆ. ಇನ್ನೊಂದು ಮೈರಾ ನದಿಯಾಗಿ ಹರಿದು, ಪೋ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ. ಅಂಗೈಯಗಲದ ಹಿಮದಲ್ಲಿ ಮೂರು ಕಡಲುಗಳು ಅಡಗಿದ್ದವು.

ಶಿಖರಕ್ಕೆ ಉಳಿದದ್ದು ಕೇವಲ 135 ಮೀಟರು. ಉಪಾಧ್ಯಾಯರು ಗಡಿಯಾರವನ್ನು ತೋರಿಸಿದರು: ಹತ್ತು ಗಂಟೆ ಇಪ್ಪತ್ತೈದು ನಿಮಿಷ.

"ಇನ್ನು ಮುಕ್ಕಾಲು ಗಂಟೆಯ ಮಾತಲ್ಲವೆ?" ಎಂದೆನು.

"ಏರುವುದಕ್ಕೆ ಮುಕ್ಕಾಲು ಗಂಟೆ. ಇಳಿಯಬೇಕಾದ ಇಳಿಜಾರು ಆಗ್ನೇಯಕ್ಕಿದೆ, ಬೆಳಗಿನಿಂದಲೂ ಬಿಸಿಲು ಕಾಯುತ್ತಿದೆ," ಎಂದರು.

ಅವರ ಮಾತಿನ ಅರ್ಥ ನನಗೆ ತಿಳಿಯದ್ದಲ್ಲ. ರಾತ್ರಿಯ ಚಳಿ ಬಿಗಿದ ಹಿಮವನ್ನು ಬಿಸಿಲು ಸಡಿಲಿಸುವುದು; ಕರಗಿದ ನೀರು ಒಳಗಿಳಿದು ಪದರಗಳ ಹಿಡಿತ ತಪ್ಪಿದರೆ, ಇಳಿಜಾರೇ ಕಳಚಿ ಧುಮುಕುವುದು. 1950–51ರ ಚಳಿಗಾಲದಲ್ಲಿ ಆ ದೇಶದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರು 98 ಮಂದಿ. ಇಷ್ಟು ತಿಳಿದಿದ್ದರೂ ನನಗೆ ಕೋಪ ಬಂದಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ನನ್ನ ಪರವಾಗಿದ್ದಿತು. ತಡವಾದುದು ನನ್ನ ತಪ್ಪಿನಿಂದಲೇ ಎಂಬುದು ಕೋಪವನ್ನು ಇನ್ನೂ ಹೆಚ್ಚಿಸಿತು. ಮಾತಿಲ್ಲದೆ ಪಟ್ಟಿಗಳನ್ನು ಕಿತ್ತು, ಇಳಿಯತೊಡಗಿದೆನು.

ಮೇಲ್ಪದರವು ಆಗಲೇ ಮೆತ್ತಗಾಗಿದ್ದಿತು. ಒಬ್ಬರು ಇಳಿದು ನಿಂತ ಮೇಲೆ ಮತ್ತೊಬ್ಬರು. ಹೀಗೆ ಹಳ್ಳಿಯನ್ನು ಸೇರಿದೆವು. ಏನೂ ಆಗಲಿಲ್ಲ. ಮಧ್ಯಾಹ್ನ, ಸಂಜೆ, ಕಿಟಕಿಯಿಂದ ನೋಡಿದೆನು. ಆ ಇಳಿಜಾರು ಕದಲಲಿಲ್ಲ.

"ನೋಡಿದಿರಾ, ಹೋಗಿಬರಬಹುದಾಗಿತ್ತು," ಎಂದೆನು.

ಅವರು ಕಾಫಿಯ ಬಟ್ಟಲನ್ನು ನನ್ನ ಮುಂದಿಟ್ಟು ನಕ್ಕರು. "ಇರಬಹುದು. ನಲವತ್ತು ವರ್ಷದಿಂದ ಹೀಗೆ ಹಿಂತಿರುಗಿದ್ದೇನೆ. ಎಷ್ಟು ಸಲ ಸರಿ, ಎಷ್ಟು ಸಲ ವ್ಯರ್ಥ ಎಂಬುದನ್ನು ಹಿಮ ನನಗೆ ಇನ್ನೂ ಹೇಳಿಲ್ಲ."

ಊರಿಗೆ ಬಂದ ಮೇಲೆ ಈ ಮಾತು ಹಲವು ಬಾರಿ ನೆನಪಾಗಿದೆ. ಮಗುವನ್ನು ಕೆರೆಯ ಬಳಿಗೆ ಬಿಡದ ತಾಯಿ, ಸಾಲ ಮಾಡಿ ಮದುವೆಯ ವೈಭವ ಬೇಡವೆನ್ನುವ ತಂದೆ, ಇವರ ವಿವೇಕಕ್ಕೆ ಸಾಕ್ಷಿಯೆಲ್ಲಿದೆ? ತಪ್ಪಿಹೋದ ಕೇಡನ್ನು ಯಾರೂ ಕಾಣರು. ತಪ್ಪಿಹೋದ ಸುಖ ಮಾತ್ರ ಎಲ್ಲರ ಕಣ್ಣಿಗೂ ಬೀಳುವುದು. ಮನೆಯವರ ಮುನಿಸನ್ನು ಸಹಿಸಿಕೊಂಡು ಅವರು ಸುಮ್ಮನಿರುತ್ತಾರೆ.

ಆ ಶಿಖರದಿಂದ ಲೋಕ ಹೇಗೆ ಕಾಣುವುದೋ ನಾನರಿಯೆ. ಬಟ್ಟಲನ್ನು ನನ್ನ ಕಡೆಗೆ ಸರಿಸಿದ ಆ ಕೈ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅಂದು ಅವರಿಗೆ ಹೇಳದ ವಂದನೆಯನ್ನು ಇಂದು ಇಲ್ಲಿ ಸಲ್ಲಿಸುತ್ತೇನೆ.